ಕೋಲ್ಡ್ ಆಟಮ್ ಚಿಪ್ ಕಿಟ್: ಡಬ್ಬಿ ಚಿಕ್ಕದು, ಗೈರೊ ಆಗೋಕೆ ಇನ್ನೂ ದೂರ

ಮೊದಲೇ ಹೇಳಿಬಿಡುತ್ತೇನೆ. ರುಬಿಡಿಯಂ ಪರಮಾಣುಗಳನ್ನು ಹಿಡಿದು ತಣ್ಣಗೆ ಮಾಡುವ ಪುಟ್ಟ ರೆಡಿಮೇಡ್ ಸೆಟ್ ಬೇಕಿದ್ದರೆ ಈ ಕಿಟ್ ಧೈರ್ಯವಾಗಿ ತಗೊಳ್ಳಿ. ತಿರುಗುವಿಕೆ ಅಳೆಯುವ ಗೈರೊ ಬೇಕಿದ್ದರೆ ಸದ್ಯಕ್ಕೆ ಬೇಡ. ಕೈಪಿಡಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಮಾತ್ರ ಗೈರೊ ಮಾತೇ, ಅದಕ್ಕೇ ಇಷ್ಟುದ್ದ ಬರೆಯಬೇಕಾಯಿತು. ಕಂಪನಿ ಹೆಸರು ಹಾಕುತ್ತಿಲ್ಲ. ನನ್ನ ಸಣ್ಣಪುಟ್ಟ ದೂರುಗಳು ಅವರ ಮೇಲಿದ್ದರೂ ದೊಡ್ಡ ದೂರು ಇರುವುದು ಈ ಇಡೀ ಐಡಿಯಾವನ್ನು ಮಾರುತ್ತಿರುವ ರೀತಿ ಮೇಲೆ.

ನಾನು ಮೂಲತಃ ಫೈಬರ್ ಗೈರೊ ಕಡೆಯವನು, ಅಂದರೆ ಗಾಜಿನ ಎಳೆಯ ಸುರುಳಿಯಲ್ಲಿ ಬೆಳಕು ಓಡಿಸಿ ತಿರುಗುವಿಕೆ ಅಳೆಯುವ ಕಡೆಯವನು. ಲೇಸರ್ ಕೂಲಿಂಗ್ ಕೆಲಸ ಆಮೇಲೆ ಅಂಟಿಕೊಂಡಿದ್ದು. ಹಾಗಾಗಿ ನನ್ನ ಕಣ್ಣು ಯಾವಾಗಲೂ ಒಂದೇ ಕಡೆ: ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದಲ್ಲ, ಅದನ್ನು ಈ ಡಬ್ಬಿ ಎಷ್ಟು ಚೆನ್ನಾಗಿ ತೋರಿಸುತ್ತದೆ?

ಡಬ್ಬಿಯಲ್ಲಿ ಬರುವುದು ಇಷ್ಟು. ಗಾಳಿ ತೆಗೆದು ಮುಚ್ಚಿದ ಒಂದು ಗಾಜಿನ ಕೋಶ, ಅದರ ತಳದಲ್ಲಿ ಸಣ್ಣ ಗೆರೆಗಳನ್ನು ಕೊರೆದ ಗ್ರೇಟಿಂಗ್ ಚಿಪ್, ಸುತ್ತ ಕಾಯಿಲ್‌ಗಳು, ಕೋಶದಲ್ಲಿ ಉಳಿದ ಅನಿಲವನ್ನು ಹೀರುವ ಬೆರಳ ಗಾತ್ರದ ಅಯಾನ್ ಪಂಪ್. ಲೇಸರ್ ಬೇರೆ ಪೆಟ್ಟಿಗೆಯಲ್ಲಿದೆ. ಟೆಲಿಕಾಂನವರು ಬಳಸುವ 1560 ನ್ಯಾನೋಮೀಟರ್ ಬೆಳಕಿನ ಬಲ ಹೆಚ್ಚಿಸಿ, ಅದರ ಆವರ್ತನ ದುಪ್ಪಟ್ಟು ಮಾಡಿ ರುಬಿಡಿಯಂಗೆ ಬೇಕಾದ 780 ನ್ಯಾನೋಮೀಟರ್‌ಗೆ ತರುತ್ತದೆ. ಲೇಸರ್ ಮತ್ತು ಕೋಶದ ನಡುವೆ ಕೂತಿರುವುದೇ ಕಿಟ್‌ನ ಹೀರೊ, ಸಿಲಿಕಾನ್ ನೈಟ್ರೈಡ್ ಫೋಟಾನಿಕ್ ಚಿಪ್. ಫೈಬರ್‌ನಿಂದ ಬಂದ ಬೆಳಕು ಚಿಪ್ ಒಳಗಿನ ಸಪೂರ ವೇವ್‌ಗೈಡ್‌ಗಳಲ್ಲಿ (ಬೆಳಕು ಹರಿಯುವ ಕಾಲುವೆಗಳು) ಹರಿದು, ಹಂಚಿಕೊಂಡು, ಚಿಪ್ ಮೈಮೇಲಿನ ಗ್ರೇಟಿಂಗ್‌ನಿಂದ ಅಗಲವಾದ ಕಿರಣವಾಗಿ ಹೊರಗೆ ಬರುತ್ತದೆ. ಹಿಂದೆ ಇದೇ ಕೆಲಸಕ್ಕೆ ಒಂದು ಮೇಜಿನ ತುಂಬ ಕನ್ನಡಿ, ಲೆನ್ಸ್, ಅವನ್ನು ದಿನಾ ಬೆಳಗ್ಗೆ ತಿರುಚುವ ಒಬ್ಬ ವಿದ್ಯಾರ್ಥಿ ಬೇಕಿತ್ತು.

ಈ ಭಾಗ ನಿಜಕ್ಕೂ ಖುಷಿ ಕೊಟ್ಟಿತು. ಒಂದೇ ಕಿರಣ ಮೇಲಿಂದ ಬೀಳುತ್ತದೆ, ತಳದ ಗ್ರೇಟಿಂಗ್ ಅದನ್ನೇ ಓರೆಯಾಗಿ ಮೇಲಕ್ಕೆ ಚದುರಿಸುತ್ತದೆ, ಎಲ್ಲ ದಿಕ್ಕಿನಿಂದ ತಳ್ಳಲು ಬೇಕಾದ ಬೆಳಕು ಅಷ್ಟರಲ್ಲೇ ಸಿಗುತ್ತದೆ. ಸ್ಕಾಟ್ಲೆಂಡಿನ ಸ್ಟ್ರ್ಯಾತ್‌ಕ್ಲೈಡ್ ಗುಂಪು 2013ರಲ್ಲಿ ಇಂಥ ಚಿಪ್ ಮಾಡಿ ತೋರಿಸಿತ್ತು. ಈಗ ಅದು ಪೆಟ್ಟಿಗೆ ಬಿಚ್ಚಿದ ದಿನವೇ ಕೆಲಸ ಮಾಡುವ ಮಟ್ಟಕ್ಕೆ ಬಂದಿದೆ. ಸ್ವಿಚ್ ಹಾಕಿ, ರುಬಿಡಿಯಂ ಡಿಸ್ಪೆನ್ಸರ್‌ಗೆ ಕರೆಂಟ್ ಕೊಟ್ಟು, ಕ್ಯಾಮೆರಾ ಪರದೆ ನೋಡುತ್ತಾ ಕೂತರೆ ಚಿಪ್ ಮೇಲೆ ಕೆಲವೇ ಮಿಲಿಮೀಟರ್ ಎತ್ತರದಲ್ಲಿ ಬಿಳಿ ಚುಕ್ಕೆ ಮೂಡುತ್ತದೆ. ಅದೇ ಪರಮಾಣುಗಳ ಮೋಡ. ಮೊದಲು ಮಸುಕು, ಆಮೇಲೆ ಗಟ್ಟಿ. ಲೇಸರ್ ಆವರ್ತನವನ್ನು ಒಂದಿಷ್ಟು ದೂರ ಸರಿಸಿ, ಬೆಳಕು ಕಮ್ಮಿ ಮಾಡಿ, ಕಾಯಿಲ್ ಆಫ್ ಮಾಡುವ ಎಲ್ಲ ಕ್ರಮವನ್ನೂ ಸಾಫ್ಟ್‌ವೇರ್ ತಾನೇ ನೋಡಿಕೊಂಡು ಮೋಡವನ್ನು 20 ಮೈಕ್ರೊಕೆಲ್ವಿನ್ (ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ ಹತ್ತು ಲಕ್ಷದಲ್ಲಿ 20 ಪಾಲು ಮಾತ್ರ ಮೇಲೆ) ಹತ್ತಿರ ಇಳಿಸುತ್ತದೆ. ಎದುರು ಬರುವ ಪರಮಾಣುವನ್ನು ಬೆಳಕಿಂದ ತಳ್ಳಿ ನಿಧಾನ ಮಾಡುವ ಮಾಮೂಲಿ ಡಾಪ್ಲರ್ ಕೂಲಿಂಗ್ ಒಂದನ್ನೇ ನಂಬಿಕೊಂಡರೆ ರುಬಿಡಿಯಂ 146 ಮೈಕ್ರೊಕೆಲ್ವಿನ್‌ಗೆ ನಿಂತುಬಿಡುತ್ತದೆ, ಹಾಗಾಗಿ ಇದು ಸುಮ್ನೆ ಬಂದದ್ದಲ್ಲ.

ಈಗ ತಕರಾರು. ಚಿಪ್‌ಗೆ ಬೆಳಕು ತರುವ ಫೈಬರ್ ಅನ್ನು ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿ. ಚುಕ್ಕೆ ಒಂದು ಬದಿಗೆ ಜಾರುತ್ತದೆ, ಅರ್ಧ ಮಬ್ಬಾಗುತ್ತದೆ. ಫೈಬರ್ ಒಳಗೆ ಬೆಳಕಿನ ಪೋಲರೈಸೇಶನ್ (ಬೆಳಕಿನ ಅಲೆ ಕಂಪಿಸುವ ದಿಕ್ಕು) ತಿರುಚಿಕೊಂಡು, ಗ್ರೇಟಿಂಗ್ ಮೇಲೆ ಬೀಳುವ ಹೊತ್ತಿಗೆ ಸಮತೋಲ ತಪ್ಪಿರುತ್ತದೆ. ಕೋಣೆಯ ಎಸಿ ಶುರುವಾದರೂ ಇದೇ ಗೋಳು, ಆದರೆ ನಿಧಾನವಾಗಿ, ಅಂದರೆ ನಿಮಗೆ ಗೊತ್ತಾಗದ ಹಾಗೆ. ಪೋಲರೈಸೇಶನ್ ಕಾಯುವ ಫೈಬರ್ ಅನ್ನೇ ಕೊಟ್ಟಿದ್ದಾರೆ, ಒಪ್ಪುತ್ತೇನೆ. ಆದರೆ ಫೈಬರ್‌ನ ತುದಿಯನ್ನು ಚಿಪ್‌ಗೆ ಅಂಟಿಸಿರುವ ಕಡೆಯೇ ಅದರ ದುರ್ಬಲ ಜಾಗ. ನಮ್ಮ ಮೊದಲ ಸೆಟ್ ಸಾಗಾಣಿಕೆಯಲ್ಲಿ ಬಿಸಿ ತಿಂದಿತ್ತೋ ಏನೋ, ಅಂಟು ಕೂದಲೆಳೆಯಷ್ಟು ಸರಿದು ಒಂದು ಕವಲಿನ ಬೆಳಕು ಅರ್ಧಕ್ಕಿಳಿದಿತ್ತು. ವೇವ್‌ಗೈಡ್ ಬಾಯಿ ಮೈಕ್ರಾನ್ ಲೆಕ್ಕದ್ದು, ಅಲ್ಲಿ ಸ್ವಲ್ಪ ಸರಿದರೂ ಮುಗಿಯಿತು. ಕಂಪನಿ ತಕರಾರಿಲ್ಲದೆ ಚಿಪ್ ಬದಲಿಸಿ ಕೊಟ್ಟಿತು, ಆದರೆ ಇದನ್ನೇ ಅಲ್ಲಾಡುವ ವಾಹನದಲ್ಲಿ ಇಡಿ ಅಂತ ಹೇಳುವವರಿಗೆ ಆ ಅಂಟಿನ ಬಗ್ಗೆ ಸ್ವಲ್ಪ ಜಾಸ್ತಿ ನಾಚಿಕೆ ಇರಬೇಕಿತ್ತು.

ಪಂಪ್ ಬಗ್ಗೆ ಎರಡೇ ಮಾತು. ಅಯಾನ್ ಪಂಪ್‌ನ ಆಯಸ್ಕಾಂತ ಪರಮಾಣು ಮೋಡಕ್ಕೆ ತೀರಾ ಹತ್ತಿರ ಇದೆ, ಶೀಲ್ಡ್ ಹಾಕಿದರೂ ಅದರ ನೆರಳು ಅಳತೆಯಲ್ಲಿ ಕಾಣುತ್ತದೆ. ಅಮೆರಿಕದ ಸ್ಯಾಂಡಿಯಾ ಲ್ಯಾಬ್‌ನವರು ಪಂಪೇ ಇಲ್ಲದ, ಒಳಗೇ ಅನಿಲ ಹೀರಿಕೊಳ್ಳುವ ಗೆಟರ್ ಇಟ್ಟು ಮುಚ್ಚಿದ ಕೋಶದಲ್ಲಿ 200 ದಿನಕ್ಕಿಂತ ಜಾಸ್ತಿ ಕಾಲ ತಣ್ಣನೆ ಪರಮಾಣು ಉಳಿಸಿ ತೋರಿಸಿದ್ದಾರೆ. ಮುಂದಿನ ಆವೃತ್ತಿ ಆ ದಾರಿ ಹಿಡಿಯಲಿ.

ಸರಿ, ಗೈರೊ ಮೋಡ್.

ತಿರುಗುವಿಕೆ ಅಳೆಯುವ ತತ್ವ ಹಳೆಯದು. ಫ್ರಾನ್ಸಿನ ಭೌತವಿಜ್ಞಾನಿ ಜಾರ್ಜ್ ಸ್ಯಾಗ್ನಾಕ್ 1913ರಲ್ಲಿ ಬೆಳಕಿನಲ್ಲಿ ಮಾಡಿ ತೋರಿಸಿದ್ದು. ತಿರುಗುವ ತಟ್ಟೆಯ ಅಂಚಿನಲ್ಲಿ ಇಬ್ಬರು ಒಂದೇ ಜಾಗದಿಂದ ಎದುರುಬದುರು ದಿಕ್ಕಿಗೆ ಓಡಿದರೆ, ಹೊರಟ ಜಾಗವೇ ಅಷ್ಟರಲ್ಲಿ ಸರಿದಿರುವುದರಿಂದ ಒಬ್ಬನಿಗೆ ದಾರಿ ಉದ್ದ, ಇನ್ನೊಬ್ಬನಿಗೆ ಗಿಡ್ಡ. ಬೆಳಕಿನ ಎರಡು ಅಲೆಗಳು ಹಾಗೆ ಓಡಿ ಬಂದು ಸೇರಿದಾಗ ಒಂದಕ್ಕೊಂದು ಸ್ವಲ್ಪ ಹಿಂದುಮುಂದಾಗಿರುತ್ತವೆ, ಆ ಅಂತರವೇ ಫೇಸ್. ಪರಮಾಣು ಕೂಡ ಅಲೆಯೇ ಆದ್ದರಿಂದ ಅದನ್ನೂ ಹೀಗೇ ಓಡಿಸಬಹುದು. ಒಂದೇ ವಿಸ್ತೀರ್ಣ ಸುತ್ತಿದರೆ, ರುಬಿಡಿಯಂ ಕೊಡುವ ಫೇಸ್ ಬೆಳಕಿಗಿಂತ ಸುಮಾರು ಐದು ಸಾವಿರ ಕೋಟಿ ಪಟ್ಟು ಜಾಸ್ತಿ. ಪರಮಾಣುವಿನ ತೂಕದ ಶಕ್ತಿಯನ್ನು (ಐನ್‌ಸ್ಟೈನ್ ಹೇಳಿದ mc²) ಒಂದು ಫೋಟಾನ್‌ನ ಶಕ್ತಿಯಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಕೈಪಿಡಿಯಲ್ಲಿ ದಪ್ಪಗೆ ಅಚ್ಚಾಗಿರುವುದೂ ಅದೇ. ಸುಳ್ಳಲ್ಲ. ಆದರೆ ಆ ವಾಕ್ಯದಲ್ಲಿ ‘ಒಂದೇ ವಿಸ್ತೀರ್ಣ ಸುತ್ತಿದರೆ’ ಅನ್ನುವುದನ್ನು ಸಣ್ಣ ಅಕ್ಷರಕ್ಕೆ ತಳ್ಳಿದ್ದಾರೆ, ಎಲ್ಲ ಕಿತಾಪತಿ ಇರುವುದು ಅಲ್ಲೇ.

ಲೆಕ್ಕ ಹಾಕೋಣ, ಕಷ್ಟ ಏನಿಲ್ಲ. ಒಂದು ಕಿಲೋಮೀಟರ್ ಫೈಬರ್ ಅನ್ನು 10 ಸೆಂಟಿಮೀಟರ್ ಅಗಲದ ಕಾಯಿಲ್‌ಗೆ ಸುತ್ತಿ. ಮೂರು ಸಾವಿರ ಚಿಲ್ಲರೆ ಸುತ್ತು ಬರುತ್ತದೆ, ಒಟ್ಟು ವಿಸ್ತೀರ್ಣ 25 ಚದರ ಮೀಟರ್. ಅಂಗೈಯಲ್ಲಿ ಹಿಡಿಯುವ ಕಾಯಿಲ್‌ನಲ್ಲಿ ಒಂದು ಕೋಣೆಯಷ್ಟು ವಿಸ್ತೀರ್ಣ! ಇದೇ ಫೈಬರ್ ಗೈರೊದ ಜಾಣ್ಮೆ. ಭೂಮಿಯ ತಿರುಗುವಿಕೆಗೆ ಇದು ಕೊಡುವ ಫೇಸ್ 1550 ನ್ಯಾನೋಮೀಟರ್ ಬೆಳಕಿನಲ್ಲಿ ಸುಮಾರು 0.0001 ರೇಡಿಯನ್. ಪರಮಾಣುಗಳಿಗೆ ಒಂದು ಚದರ ಮಿಲಿಮೀಟರ್ ಕೊಡಿ ಸಾಕು, 0.2 ರೇಡಿಯನ್ ಬರುತ್ತದೆ. ಎರಡು ಸಾವಿರ ಪಟ್ಟು ಜಾಸ್ತಿ. ವ್ಹಾ, ಅಲ್ವಾ? ಇಲ್ಲಿಗೆ ನಿಲ್ಲಿಸಿದರೆ ಪರಮಾಣು ಗೆದ್ದ ಹಾಗೆ, ಕಂಪನಿಯವರು ನಿಲ್ಲಿಸುವುದೂ ಇಲ್ಲಿಗೇ.

ಆದರೆ ಆ ಫೇಸ್ ಅನ್ನು ಎಷ್ಟು ಸಣ್ಣದರವರೆಗೆ ಓದಬಹುದು ಅಂತ ಕೇಳಬೇಕು. ಫೈಬರ್‌ನ ತುದಿಗೆ 10 ಮೈಕ್ರೊವ್ಯಾಟ್ ಬೆಳಕು ಬಂದರೂ ಸೆಕೆಂಡಿಗೆ ಕೋಟಿ ಕೋಟಿ ಲೆಕ್ಕದಲ್ಲಿ ಫೋಟಾನ್ ಎಣಿಸುತ್ತೀರಿ, ಶಾಟ್ ನಾಯ್ಸ್ (ಎಣಿಕೆಯಲ್ಲಿ ತಾನಾಗೇ ಬರುವ ಏರಿಳಿತ) ಮಾತ್ರ ಇದ್ದರೆ ಸೆಕೆಂಡಿನಲ್ಲಿ 0.0000001 ರೇಡಿಯನ್‌ವರೆಗೆ ಓದಬಹುದು. ಭೂಮಿಯ ಫೇಸ್‌ನ ಸಾವಿರದಲ್ಲೊಂದು ಪಾಲು. ಚಿಪ್ ಮೇಲಿನ ಮೋಡದಲ್ಲಿ ಅಳತೆಗೆ ಸಿಗುವುದು ಒಂದು ಲಕ್ಷ ಪರಮಾಣು ಅಂತಿಟ್ಟುಕೊಳ್ಳಿ. ಅದರ ವರ್ಗಮೂಲದಿಂದ ಭಾಗಿಸಿದರೆ ಒಂದು ಸಲದ ಅಳತೆಗೆ 0.003 ರೇಡಿಯನ್. ಅದು 0.2ರಲ್ಲಿ ನೂರಕ್ಕೆ ಒಂದೂವರೆ ಪಾಲು. ಅಂದರೆ ಒಂದೊಂದು ಅಳತೆಯಲ್ಲಿ ಫೈಬರ್ ಸುಮಾರು ಹದಿನೈದು ಪಟ್ಟು ಮುಂದೆ! ಐದು ಸಾವಿರ ಕೋಟಿಯ ಲಾಭ ಎಲ್ಲಿ ಹೋಯಿತು ಅಂದರೆ, ಒಂದಿಷ್ಟು ವಿಸ್ತೀರ್ಣ ತಿಂದಿತು, ಉಳಿದದ್ದನ್ನು ಎಣಿಕೆ ತಿಂದಿತು. ಸಾಮಾನ್ಯವಾಗಿ ಯಾರೂ ಈ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುವುದಿಲ್ಲ. ನಾನು ಒಬ್ಬ ಮಾರಾಟಗಾರನಿಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ‘ಸರ್, ಇದು ಭವಿಷ್ಯದ ತಂತ್ರಜ್ಞಾನ’ ಅಂದರು. ಸರಿ, ಇರಲಿ.

ಮತ್ತೆ ಈ ಕಿಟ್‌ಗೆ ಒಂದು ಚದರ ಮಿಲಿಮೀಟರ್ ಕೂಡ ಇಲ್ಲ. ಅದರ ಗೈರೊ ಮೋಡ್ ಹೀಗೆ: ಮೋಡವನ್ನು ಬಿಟ್ಟು, ಅದು ಹಿಗ್ಗುತ್ತಾ ಬೀಳುವಾಗ ಪಕ್ಕದಿಂದ ಮೂರು ರಾಮನ್ ಪಲ್ಸ್ (ಪರಮಾಣು ಅಲೆಯನ್ನು ಒದ್ದು ಎರಡು ದಾರಿಗೆ ಸೀಳಿ ಮತ್ತೆ ಸೇರಿಸುವ ಲೇಸರ್ ಮಿಂಚು) ಹೊಡೆಯುತ್ತದೆ. ಎರಡು ಪಲ್ಸ್ ನಡುವೆ 8 ಮಿಲಿಸೆಕೆಂಡ್. ಪ್ರತಿ ಒದೆತಕ್ಕೆ ಪರಮಾಣುವಿಗೆ ಸಿಗುವ ವೇಗ ಸೆಕೆಂಡಿಗೆ 12 ಮಿಲಿಮೀಟರ್ ಅಷ್ಟೇ, ಹಾಗಾಗಿ 8 ಮಿಲಿಸೆಕೆಂಡಿನಲ್ಲಿ ಎರಡು ದಾರಿಗಳು ಬೇರೆಯಾಗುವುದು ಹೆಚ್ಚೆಂದರೆ 0.1 ಮಿಲಿಮೀಟರ್. ಇನ್ನೂ ಹೊತ್ತು ಕಾಯೋಣ ಅಂದರೆ ಮೋಡ ಬಿದ್ದೇ ಹೋಗುತ್ತದೆ: 20 ಮಿಲಿಸೆಕೆಂಡಿಗೆ 2 ಮಿಲಿಮೀಟರ್, 100 ಮಿಲಿಸೆಕೆಂಡಿಗೆ 5 ಸೆಂಟಿಮೀಟರ್, ಅಷ್ಟರಲ್ಲಿ ಚಿಪ್‌ಗೇ ಡಿಕ್ಕಿ. ಕೋಶ ಚಿಕ್ಕದು ಮಾಡಿದ್ದಕ್ಕೆ ತೆರಬೇಕಾದ ಬೆಲೆ ಇದು.

ಆದರೂ ಈ ಮೋಡ್ ನೋಡಲು ಚಂದ. ಹಿಗ್ಗುವ ಮೋಡದಲ್ಲಿ ಎಡಕ್ಕೆ ಹೋಗುವ ಪರಮಾಣುವೂ ಇದೆ, ಬಲಕ್ಕೆ ಹೋಗುವುದೂ ಇದೆ, ಪ್ರತಿಯೊಂದೂ ತನ್ನದೇ ಪುಟ್ಟ ಗೈರೊ. ತಿರುಗುವಿಕೆ ಇದ್ದರೆ ಮೋಡದ ಒಂದು ಬದಿಯ ಫೇಸ್ ಇನ್ನೊಂದು ಬದಿಗಿಂತ ಬೇರೆಯಾಗಿ ಚಿತ್ರದಲ್ಲಿ ಕಪ್ಪುಬಿಳಿ ಪಟ್ಟೆ ಬೀಳುತ್ತದೆ. ಸ್ಟ್ಯಾನ್‌ಫರ್ಡ್‌ನವರು ಎತ್ತರದ ಗೋಪುರದಲ್ಲಿ ತೋರಿಸಿದ ಉಪಾಯವನ್ನು ಅಮೆರಿಕದ ನಿಸ್ಟ್ ಸಂಸ್ಥೆಯವರು ಸೆಂಟಿಮೀಟರ್ ಗಾತ್ರದ ಕೋಶಕ್ಕೆ ಇಳಿಸಿದ್ದು, ಕಿಟ್‌ನವರು ಎತ್ತಿಕೊಂಡಿರುವುದು ಅದನ್ನೇ. ಸೆಟ್ ಅನ್ನು ತಿರುಗುವ ಟೇಬಲ್ ಮೇಲೆ ಇಟ್ಟು ಸೆಕೆಂಡಿಗೆ ಒಂದು ಡಿಗ್ರಿ ತಿರುಗಿಸಿದರೆ ಮೋಡದಲ್ಲಿ ಒಂದು ಪಟ್ಟೆ ಮೂಡುತ್ತದೆ. ಎರಡು ಡಿಗ್ರಿಗೆ ಎರಡು. ದಿಕ್ಕು ಬದಲಿಸಿದರೆ ಮತ್ತೆ ಅದೇ. ಪಕ್ಕದಲ್ಲಿ ಯಾರಾದರೂ ಜೋರಾಗಿ ನಡೆದು ಹೋದರೆ ಪಟ್ಟೆಗಳೆಲ್ಲ ಒಟ್ಟಿಗೆ ಆಚೀಚೆ ಜಾರುತ್ತವೆ, ಆದರೆ ಪಟ್ಟೆ ನಡುವಿನ ಅಂತರ ಕದಲುವುದಿಲ್ಲ. ಅಂದರೆ ಅಲುಗಾಟ ಬೇರೆ, ತಿರುಗಾಟ ಬೇರೆ ಅಂತ ಚಿತ್ರವೇ ಬೇರ್ಪಡಿಸಿ ಕೊಡುತ್ತದೆ. ಇಲ್ಲಿ ಅಲುಗಾಟ ಸಣ್ಣ ವಿಷಯವಲ್ಲ, ಗುರುತ್ವದ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಕುಲುಕಿದರೂ ಇಡೀ ಒಂದು ರೇಡಿಯನ್ ಜಾರುತ್ತದೆ. ಈ ಉಪಾಯಕ್ಕೆ ಪೂರ್ತಿ ಅಂಕ.

ಟೇಬಲ್ ನಿಲ್ಲಿಸಿ. ಈಗ ಉಳಿದದ್ದು ಭೂಮಿ ಮಾತ್ರ, ಸೆಕೆಂಡಿಗೆ 0.0042 ಡಿಗ್ರಿ. ಒಂದು ಪಟ್ಟೆಗೆ ಬೇಕಾದ ವೇಗಕ್ಕಿಂತ 240 ಪಟ್ಟು ಕಮ್ಮಿ. ಮೋಡದ ಈ ತುದಿಯಿಂದ ಆ ತುದಿಗೆ ಫೇಸ್ ಬದಲಾಗುವುದು 0.03 ರೇಡಿಯನ್ ಕೂಡ ಇಲ್ಲ, ಅದೂ ಅಕ್ಷ ಸರಿಯಾಗಿ ಭೂಮಿಯ ಅಕ್ಷಕ್ಕೆ ನೇರವಾಗಿದ್ದರೆ. ಚಿತ್ರದಲ್ಲಿ ಕಾಣುವುದು ಸಪಾಟಾದ ಬೂದು ಮೋಡ. ಗಂಟೆಗಟ್ಟಲೆ ಚಿತ್ರ ತೆಗೆದು ಸರಾಸರಿ ಮಾಡಿದರೆ ಏನೋ ಒಂದು ಓರೆ ಸಿಗುತ್ತದೆ. ಆದರೆ ಆ ಓರೆ ಭೂಮಿಯದ್ದೋ, ಎಸಿ ತಿರುಚಿದ ಫೈಬರ್‌ನದ್ದೋ, ಹೇಳುವವರು ಯಾರು? ಜೊತೆಗೆ ಇಂಥ ಚಿಕ್ಕ ಕೋಶದಲ್ಲಿ ಮೋಡ ತನ್ನ ಮೊದಲ ಗಾತ್ರಕ್ಕಿಂತ ತುಂಬಾ ಏನೂ ಹಿಗ್ಗುವುದಿಲ್ಲ, ಹಾಗಾಗಿ ಪಟ್ಟೆಯಿಂದ ತಿರುಗುವ ವೇಗ ಲೆಕ್ಕ ಹಾಕುವ ಗುಣಾಕಾರವೇ ಮೊದಲ ಗಾತ್ರದ ಮೇಲೆ ನಿಂತಿರುತ್ತದೆ. ಚುಕ್ಕೆ ದಪ್ಪವಾದ ದಿನ ಭೂಮಿ ನಿಧಾನ, ಸಣ್ಣಗಾದ ದಿನ ಜೋರು!

ಇದು ನನಗೆ ಬೇಜಾರಾದ ಜಾಗ. ನಾನು ಪರಮಾಣು ಗೈರೊ ಬೇಕು ಅನ್ನುವುದು ಸೂಕ್ಷ್ಮತೆಗಾಗಿ ಅಲ್ಲವೇ ಅಲ್ಲ, ಅಲುಗದ ಸ್ಥಿರತೆಗಾಗಿ. ಫೈಬರ್ ಕಾಯಿಲ್ ಬಿಸಿಯಾದರೆ ಅದರ ಶೂನ್ಯ (ತಿರುಗದೇ ಇದ್ದಾಗ ತೋರಿಸಬೇಕಾದ ಸೊನ್ನೆ) ಜಾರುತ್ತದೆ, ಹಳೆಯದಾದರೂ ಜಾರುತ್ತದೆ. ಪರಮಾಣು ಹಳೆಯದಾಗುವುದಿಲ್ಲ, ಎಲ್ಲ ರುಬಿಡಿಯಂ 87 ಒಂದೇ. ಬೀಳುವ ಪರಮಾಣುವಿನ ಗೈರೊದಲ್ಲಿ ಸುತ್ತಿದ ವಿಸ್ತೀರ್ಣವನ್ನು ನಿಗದಿ ಮಾಡುವುದು ಲೇಸರ್ ಅಲೆಯ ಉದ್ದ, ಪಲ್ಸ್ ನಡುವಿನ ಸಮಯ ಮತ್ತು ಪರಮಾಣುವಿನ ವೇಗ. ಮೊದಲ ಎರಡನ್ನು ಎಷ್ಟು ನಿಖರವಾಗಿ ಬೇಕಾದರೂ ಹಿಡಿಯಬಹುದು. ಪ್ಯಾರಿಸ್‌ನ ಸಿರ್ಟ್ ಲ್ಯಾಬ್‌ನ ಆಳೆತ್ತರದ ಗೈರೊ 11 ಚದರ ಸೆಂಟಿಮೀಟರ್ ಸುತ್ತಿ, 800 ಮಿಲಿಸೆಕೆಂಡ್ ಕಾದು, 2018ರಲ್ಲಿ ಭೂಮಿಯ ವೇಗದ ಎರಡು ಲಕ್ಷದಲ್ಲೊಂದು ಪಾಲಿಗಿಂತ ಸಣ್ಣ ಸ್ಥಿರತೆ ತೋರಿಸಿತು. ಅಲ್ಲಿ ಪರಮಾಣು ತನ್ನ ಯೋಗ್ಯತೆಗೆ ತಕ್ಕ ಕೆಲಸ ಮಾಡಿದೆ. ಅಂಥದ್ದನ್ನು ಡಬ್ಬಿಗೆ ತುರುಕುವ ಅವಸರದಲ್ಲಿ ಆ ಸ್ಥಿರತೆಯನ್ನೇ ಬಿಟ್ಟುಕೊಟ್ಟರೆ ಉಳಿಯುವುದು ಏನು?

ಕಂಪನಿಯವರ ಮುಂದಿನ ಭರವಸೆ ಇನ್ನೂ ದೊಡ್ಡದು. ಪರಮಾಣು ಬೀಳುವ ಗೊಡವೆಯೇ ಬೇಡ, ಚಿಪ್ ಮೇಲಿನ ವೇವ್‌ಗೈಡ್‌ಗೇ ಅಂಟಿಸಿದ ಹಾಗೆ ಹಿಡಿದು ಉಂಗುರದಲ್ಲಿ ಸುತ್ತಿಸುತ್ತೇವೆ ಅಂತ. ತತ್ವ ಸರಿಯಾಗಿಯೇ ಇದೆ. ವೇವ್‌ಗೈಡ್‌ನಿಂದ ಹೊರಗೆ ಸ್ವಲ್ಪ ಬೆಳಕು ಸೂಸುತ್ತದೆ. ಅದರಲ್ಲಿ ಒಂದು ಬಣ್ಣ ಪರಮಾಣುವನ್ನು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ, ಎರಡೂ ಸೇರಿ ಮೇಲ್ಮೈಯಿಂದ ಇನ್ನೂರು ಮುನ್ನೂರು ನ್ಯಾನೋಮೀಟರ್ ದೂರದಲ್ಲಿ ಪರಮಾಣುವನ್ನು ತೇಲಿಸುತ್ತವೆ. ಜರ್ಮನಿಯ ಮೈಂಟ್ಸ್‌ನಲ್ಲಿ 2010ರಲ್ಲಿ ಸಪೂರ ಫೈಬರ್ ಸುತ್ತ ಸೀಸಿಯಂ ಪರಮಾಣುಗಳನ್ನು ಹೀಗೆ ಹಿಡಿದಿದ್ದರು. ಆದರೆ ಅಷ್ಟು ಹತ್ತಿರ ಹೋದರೆ ಮೇಲ್ಮೈ ಕೂಡ ಪರಮಾಣುವನ್ನು ಎಳೆಯುತ್ತದೆ, ವೇವ್‌ಗೈಡ್ ಗೋಡೆಯ ಸಣ್ಣ ಒರಟುತನವೂ ಪರಮಾಣುವಿಗೆ ಗುಡ್ಡ ಹಳ್ಳ. ಹಿಡಿಯುವ ಬೆಳಕೇ ಫೇಸ್ ಕದಲಿಸುತ್ತದೆ. ವೇವ್‌ಗೈಡ್ ಒಳಗೆ ಬೆಳಕು ಜಾಸ್ತಿಯಾದರೆ ನಿರ್ವಾತದಲ್ಲಿ ಚಿಪ್ ಬಿಸಿಯಾಗಿ ಆ ಶಾಖ ಹೋಗಲು ಜಾಗವಿಲ್ಲ. ಮುಖ್ಯವಾಗಿ, ಈಗ ವಿಸ್ತೀರ್ಣ ನಿಗದಿ ಮಾಡುವುದು ಲೇಸರ್ ಮತ್ತು ಗಡಿಯಾರ ಅಲ್ಲ, ಚಿಪ್‌ನ ಆಕಾರ. ಬಿಸಿಗೆ ಹಿಗ್ಗುವ, ಹಳೆಯದಾಗುವ ವಸ್ತು. ಫೈಬರ್‌ನಲ್ಲಿ ಯಾವ ರೋಗದಿಂದ ಓಡಿ ಬಂದೆವೋ ಅದೇ ರೋಗ ಇಲ್ಲೂ ಹಾಜರ್.

ಹಿಡಿದು ಸುತ್ತಿಸುವುದೇ ತಪ್ಪು ಅನ್ನುತ್ತಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಬೋಸ್ ಕಂಡೆನ್ಸೇಟ್ ಅನ್ನು (ಅತಿ ತಣ್ಣಗಾಗಿ ಒಂದೇ ಅಲೆಯಂತೆ ವರ್ತಿಸುವ ಪರಮಾಣು ಗುಂಪು) ಆಯಸ್ಕಾಂತದ ಬಲೆಯಲ್ಲಿ ಸುತ್ತಿಸಿ ಅರ್ಧ ಚದರ ಮಿಲಿಮೀಟರ್ ವಿಸ್ತೀರ್ಣ ಪಡೆದರು. ಒಂದೇ ಬಲೆಯಲ್ಲಿ ಎರಡು ಗೈರೊ ಒಟ್ಟಿಗೆ ಓಡಿಸಿ, ಇಬ್ಬರಿಗೂ ಸಮಾನವಾದ ಗಲಾಟೆ ಕಳೆದುಹೋಗುವ ಹಾಗೆ ಮಾಡಿದ್ದು ಅವರ ಬುದ್ಧಿವಂತಿಕೆ. ಸುತ್ತು ಜಾಸ್ತಿ ಮಾಡಿದರೆ ವಿಸ್ತೀರ್ಣವೂ ಗುಣಿಸುತ್ತಾ ಹೋಗುತ್ತದೆ, ಫೈಬರ್ ಕಾಯಿಲ್‌ನ ಉಪಾಯವೇ. ಆದರೆ ಅದಕ್ಕೆ ನ್ಯಾನೊಕೆಲ್ವಿನ್ ಪರಮಾಣು ಬೇಕು. ಮೈಕ್ರೊಕೆಲ್ವಿನ್ ಮೋಡದಿಂದ ಅಲ್ಲಿಗೆ ಇಳಿಯಲು ಬಿಸಿ ಪರಮಾಣುಗಳನ್ನು ಆವಿಯಾಗಿಸಿ ಬಿಡಬೇಕು, ಹಾಗೆ ಮಾಡಿದಾಗ ಬಹುಪಾಲು ಪರಮಾಣು ಕೈಬಿಡುತ್ತವೆ. ಮತ್ತೆ ಎಣಿಕೆಯ ಲೆಕ್ಕ ಶುರು.

ಇನ್ನೊಂದು ಪ್ರಶ್ನೆ ಕೇಳುವವರು ಕಮ್ಮಿ: ಎಷ್ಟು ಸಲ ಅಳೆಯುತ್ತದೆ? ಈ ಕಿಟ್ ಪರಮಾಣು ತುಂಬಿಸಿಕೊಳ್ಳಲು, ತಣಿಸಲು, ಬೀಳಿಸಲು, ಓದಲು ಎಲ್ಲ ಸೇರಿ ಸೆಕೆಂಡಿಗೆ ಐದಾರು ಅಳತೆ ಕೊಡುತ್ತದೆ. ನಡುವಿನ ಹೊತ್ತಿನಲ್ಲಿ ಅದು ಕುರುಡು. ವಾಹನ ಆ ಹೊತ್ತಿನಲ್ಲಿ ಎಷ್ಟು ತಿರುಗಿತೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಇದನ್ನು ಒಂಟಿಯಾಗಿ ಎಲ್ಲೂ ಹಾಕುವ ಹಾಗಿಲ್ಲ, ಜೊತೆಗೆ ಒಂದು ಫೈಬರ್ ಗೈರೊ ಇರಲೇಬೇಕು. ಫೈಬರ್ ಕ್ಷಣಕ್ಷಣ ಓದಲಿ, ಪರಮಾಣು ಆಗಾಗ ಅದರ ಶೂನ್ಯ ಸರಿಪಡಿಸಲಿ. ನನ್ನ ಪ್ರಕಾರ ಈ ತಂತ್ರಜ್ಞಾನಕ್ಕೆ ನಿಜವಾದ ಕೆಲಸ ಅದು. ಕೈಪಿಡಿಯಲ್ಲಿ ಇದಕ್ಕೆ ಕೊಟ್ಟಿರುವುದು ಕೊನೆಯ ಪುಟದಲ್ಲಿ ಒಂದು ಪ್ಯಾರಾ.

ತಗೊಳ್ಳುವ ಯೋಚನೆ ಇರುವವರು ಮಾರಾಟಗಾರರ ಹತ್ತಿರ ಐದು ಸಾವಿರ ಕೋಟಿಯ ಕಥೆ ಕೇಳಬೇಡಿ. ಸುತ್ತುವ ವಿಸ್ತೀರ್ಣ ಎಷ್ಟು ಚದರ ಮಿಲಿಮೀಟರ್, ಒಂದು ಅಳತೆಗೆ ಎಷ್ಟು ಪರಮಾಣು, ಸೆಕೆಂಡಿಗೆ ಎಷ್ಟು ಅಳತೆ, ಕೋಣೆ ಒಂದು ಡಿಗ್ರಿ ಬಿಸಿಯಾದರೆ ಶೂನ್ಯ ಎಷ್ಟು ಜಾರುತ್ತದೆ ಅಂತ ಕೇಳಿ. ನಾನು ಕೇಳಿದಾಗ ಮೊದಲ ಮೂರಕ್ಕೆ ಉತ್ತರ ಅದೇ ದಿನ ಬಂತು, ನಾಲ್ಕನೆಯದಕ್ಕೆ ಇನ್ನೂ ಬಂದಿಲ್ಲ.

ಪಾಠ ಮಾಡುವ ಲ್ಯಾಬ್, ಗಡಿಯಾರದ ಪ್ರಯೋಗ, ಗುರುತ್ವ ಅಳತೆ ಕಲಿಯುವವರು, ಇವರಿಗೆಲ್ಲ ಒಳ್ಳೆಯ ಮಾಲು. ಪರಮಾಣು ಹಿಡಿಯುವ ಸೆಟ್ ಆಗಿ 5ಕ್ಕೆ 4 ಅಂಕ, ಒಂದು ಅಂಕ ಆ ಅಂಟಿಗೆ ಕಟ್. ಗೈರೊ ಆಗಿ 5ಕ್ಕೆ ಒಂದೂವರೆ, ಅದರಲ್ಲಿ ಒಂದು ಆ ಪಟ್ಟೆ ಉಪಾಯಕ್ಕೆ, ಅರ್ಧ ಬೇಗ ಉತ್ತರ ಕೊಡುವ ಸಪೋರ್ಟ್‌ನವರಿಗೆ.